ಏಳುವಾಗ ಕರೆದದ್ದು ಯಾರನ್ನು

ವಯಸ್ಸಾದವರು ಕುರ್ಚಿಯಿಂದ ಏಳುವುದನ್ನು ನೋಡಿದ್ದೀರಲ್ಲ. ಮೊದಲು ಎರಡೂ ಕೈ ಮೊಣಕಾಲಿನ ಮೇಲೆ ಬಂದು ಕೂರುತ್ತವೆ. ಬೆನ್ನು ಮುಂದಕ್ಕೆ ಬಾಗುತ್ತದೆ. ಒಂದು ಉಸಿರು ಒಳಗೆ ಹೋಗುತ್ತದೆ. ಹೊರಗೆ ಬರುವಾಗ ಅದು ಬರಿಗೈಯಲ್ಲಿ ಬರುವುದಿಲ್ಲ, ಯಾರನ್ನೋ ಕೂಗಿಕೊಂಡೇ ಬರುತ್ತದೆ. ಅಮ್ಮಾ. ಅಪ್ಪಾ. ದೇವರೇ. ಯಾರೂ ನೆನಪಾಗದವರು ಉಸ್ಸಪ್ಪಾ ಅನ್ನುತ್ತಾರೆ. ಎದ್ದು ನಿಂತ ಮೇಲೆ ಕೇಳಿ ನೋಡಿ, “ನಾನೆಲ್ಲಿ ಏನಂದೆ?” ಎಂದು ನಮ್ಮನ್ನೇ ಗದರುತ್ತಾರೆ.

ಆಕೆ ಹಿಡಿಯಲು ಹೊರಟದ್ದು ಇದನ್ನು. ವಿಶ್ವವಿದ್ಯಾಲಯದ ಭಾಷಾ ವಿಭಾಗದಲ್ಲಿ ಆಕೆಯದು ವರ್ಷವರ್ಷಕ್ಕೂ ಮುಂದುವರಿಸಿಕೊಳ್ಳಬೇಕಾದ ಕೆಲಸ. ಮೆಟ್ಟಿಲಿನ ಕೆಳಗೆ, ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ ಒಂದು ಕೋಣೆ. ಒಂದು ಧ್ವನಿಮುದ್ರಣ ಯಂತ್ರ. ಮುದುಕರೂ ಮುದುಕಿಯರೂ ಏಳುವಾಗ ಅಂದ ಮಾತುಗಳು. ಹುಡುಗರು ತರಗತಿ ಮುಗಿಸಿ ತಲೆಯ ಮೇಲೇ ದಡದಡ ಇಳಿಯುವಾಗ ಆಕೆ ಯಂತ್ರ ನಿಲ್ಲಿಸಿ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಗದ್ದಲ ಹೋದ ಮೇಲೆ ಮತ್ತೆ ಹೆಡ್‌ಫೋನ್ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಪೂಜೆಗೆ ಕೂತವರಿಗೂ ಅಷ್ಟು ಶ್ರದ್ಧೆ ಇರುತ್ತದೋ ಇಲ್ಲವೋ.

ಕ್ಯಾಂಟೀನಿನಲ್ಲಿ ಆಕೆಗೆ ‘ಉಸ್ಸಪ್ಪಾ ಮೇಡಂ’ ಎಂದೇ ಹೆಸರು. “ಮೇಡಂ, ಇವತ್ತು ರಿಜಿಸ್ಟ್ರಾರ್ ಸಾಹೇಬ್ರು ಏಳೋವಾಗ ಹೆಂಡತೀನ ಕರೆದ್ರಂತೆ, ಬರ್ಕೊಳ್ಳಿ” ಎಂದು ಚರಿತ್ರೆಯ ಮೇಷ್ಟ್ರು ರೇಗಿಸಿದರೆ, “ಅದು ಮಂಡಿನೋವಲ್ಲ ಸಾರ್, ಮನೆಗೆ ಹೋಗೋ ಭಯ. ನನ್ನ ವಿಷಯಕ್ಕೆ ಬರಲ್ಲ” ಎಂದು ಟೀ ಕುಡಿದು ಏಳುತ್ತಿದ್ದಳು.

ನಗುವುದು ಅಷ್ಟಕ್ಕೇ ಮುಗಿಯುತ್ತಿತ್ತು. ಸಂಶೋಧನೆಗೆ ಹಣ ಕೊಡುವವರ ಬಾಗಿಲನ್ನೆಲ್ಲ ತಟ್ಟಿ ಆಗಿತ್ತು. ಭಾಷೆಯ ಸಂಸ್ಥೆಯವರು, ಇದು ಮಂಡಿಯ ವಿಷಯ, ವೈದ್ಯರನ್ನು ಕೇಳಿ ಅಂದರು. ವೈದ್ಯರ ಸಂಸ್ಥೆಯವರು, ಇದು ಮಾತಿನ ವಿಷಯ, ಭಾಷೆಯವರನ್ನು ಕೇಳಿ ಅಂದರು. ಇನ್ನೊಬ್ಬರು, ಇದರಿಂದ ಯಾವ ಯಂತ್ರ ತಯಾರಾಗುತ್ತದೆ ಎಂದು ವಿಚಾರಿಸಿದರು. ಉಳಿದಿದ್ದುದು ಒಂದೇ ಪ್ರತಿಷ್ಠಾನ. ಯಾರೂ ಕೈಹಾಕದ ವಿಷಯಗಳಿಗೇ ಅನುದಾನ ಕೊಡುತ್ತೇವೆ ಎಂದು ಹೇಳಿಕೊಳ್ಳುವ ಪ್ರತಿಷ್ಠಾನ.

ವಿಭಾಗದ ಮುಖ್ಯಸ್ಥರು ಕರೆದು ಕೂರಿಸಿಕೊಂಡು ಹೇಳಿಬಿಟ್ಟಿದ್ದರು. “ನೋಡಮ್ಮಾ, ಉತ್ತರಪತ್ರಿಕೆ ಇಡೋಕೆ ಜಾಗ ಇಲ್ಲ ಅಂತ ಪರೀಕ್ಷಾ ವಿಭಾಗದವರು ದಿನಾ ಬಂದು ನನ್ನ ತಲೆ ತಿಂತಾರೆ. ಅನುದಾನ ಬಂದ್ರೆ ಕೋಣೆ ನಿಂದು, ಕೆಲಸಾನೂ ನಿಂದು. ಬರಲಿಲ್ಲ ಅಂದ್ರೆ ಎರಡೂ ಇಲ್ಲ. ಇದರ ಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ.”

ಮನೆಯಲ್ಲಿ ಇದ್ದವಳು ಅತ್ತೆ, ಅಪ್ಪನ ಅಕ್ಕ. ಅಮ್ಮನಿಲ್ಲದ ಮಗುವನ್ನು ಸಾಕಿದವಳು. ಅಪ್ಪ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದರು; ಗಿಡ್ಡ ಮಣೆಯ ಮೇಲೆ ದಿನವೆಲ್ಲ ಕೂತು ಕೂತು ಮಂಡಿ ಸವೆಸಿಕೊಂಡು, ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಅತ್ತೆಗೆ ತಮ್ಮನ ಮಗಳ ಸಂಶೋಧನೆ ಎಂದರೆ ತಮಾಷೆ. “ಇಗೋ ಏಳ್ತಿದ್ದೀನಿ, ನಿನ್ನ ಪೆಟ್ಟಿಗೆ ಹಚ್ಚು” ಎಂದು ಕೂಗಿ, ಬಾಯಿ ಬಿಗಿಹಿಡಿದು ಸೈನಿಕನ ಹಾಗೆ ಎದ್ದು ನಿಲ್ಲುತ್ತಿದ್ದಳು. “ಎಲ್ಲಿ? ಬಂತಾ?”

ಬರುತ್ತಿರಲಿಲ್ಲ. ಈ ಕೆಲಸದ ಕಷ್ಟವೇ ಅದು. ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಎಂಬತ್ತರ ಮುದುಕನೂ ತುಟಿ ಕಚ್ಚಿಕೊಂಡು ಏಳುತ್ತಾನೆ. ಹಾಗಾಗಿ ಆಕೆ ಬೇರೆ ದಾರಿ ಹಿಡಿದಿದ್ದಳು. ಮನೆಗೆ ಹೋಗಿ, ನಿಮ್ಮ ಕಸುಬಿನ ಕಥೆ ಹೇಳಿ, ಹಳೆಯ ದಿನಗಳನ್ನು ಹೇಳಿ ಎಂದು ಕೇಳುವುದು. ಯಂತ್ರ ಎದುರಿಗೇ ಇರುತ್ತಿತ್ತು, ಕಥೆಗೆ ಅವರ ಒಪ್ಪಿಗೆಯೂ ಇರುತ್ತಿತ್ತು. ಕಥೆಯ ನಡುವೆ ಅವರು ನೀರಿಗೆಂದೋ ಬಾಗಿಲಿಗೆಂದೋ ಏಳುತ್ತಿದ್ದರು. ಅಲ್ಲಿ ಆಕೆಗೆ ಬೇಕಾದದ್ದು ಬಿದ್ದುಕೊಳ್ಳುತ್ತಿತ್ತು. ಆಮೇಲೆ ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ, ಉಸಿರು ಶುರುವಾದಲ್ಲಿಂದ ಮಾತು ಮುಗಿಯುವವರೆಗೆ ಮಾತ್ರ ಉಳಿಸಿ, ಹಿಂದಿನದನ್ನೂ ಮುಂದಿನದನ್ನೂ ಕತ್ತರಿಸಿಬಿಡುತ್ತಿದ್ದಳು. ಅಷ್ಟು ಚೊಕ್ಕವಾಗಿ ಕತ್ತರಿಸುವವರು ವಿಭಾಗದಲ್ಲೇ ಇಲ್ಲ ಎಂಬ ಹೆಮ್ಮೆ ಆಕೆಗಿತ್ತು.

ಪ್ರತಿಷ್ಠಾನಕ್ಕೆ ಬರೆದ ಪ್ರಸ್ತಾವಕ್ಕೆ ‘ಯಾರನ್ನೂ ಕರೆಯದ ಕರೆ’ ಎಂದು ಹೆಸರಿಟ್ಟಿದ್ದಳು. ಕರೆಯಂತೆ ಕೇಳಿಸುತ್ತದೆ, ಆದರೆ ಕೇಳುವವರು ಯಾರೂ ಇಲ್ಲ. ಮನುಷ್ಯನ ಭಾಷೆಯಲ್ಲಿ ಇಂಥದ್ದು ಇದೊಂದೇ. ಇದು ಆಕೆಯ ವಾದ.

ಸಂದರ್ಶನಕ್ಕೆ ಹೋದ ದಿನ ಆಶ್ಚರ್ಯ ಕಾದಿತ್ತು. ಉದ್ದ ಮೇಜಿನ ಆಚೆ ಇಬ್ಬರು. ಸಮಿತಿಯ ಅಧ್ಯಕ್ಷರು ದಪ್ಪ ದೇಹದ, ನಗುಮುಖದ ಹಿರಿಯ ವಿಜ್ಞಾನಿ. ಪಕ್ಕದಲ್ಲಿ ನಿಯಮಗಳನ್ನು ನೋಡಿಕೊಳ್ಳುವ ಸದಸ್ಯೆ. ಹೊರಗೆ ಸರದಿಗೆ ಕಾಯುತ್ತಿದ್ದವರೆಲ್ಲ ಈ ಸದಸ್ಯೆಯನ್ನು ರೂಲ್ಸಮ್ಮ ಎನ್ನುತ್ತಿದ್ದರು. ಯಂತ್ರ ಹಚ್ಚಿದೊಡನೆ ಅಧ್ಯಕ್ಷರು ಗಹಗಹಿಸಿ ನಕ್ಕರು. ಅಣಕದ ನಗೆಯಲ್ಲ, ಖುಷಿಯದು. “ಅಯ್ಯೋ, ಇದು ನಮ್ಮ ಮಾವನೇ! ಇನ್ನೊಂದು ಹಾಕಿ, ಇನ್ನೊಂದು ಹಾಕಿ.”

ಆಕೆ ಅಪ್ಪನದನ್ನು ಹಾಕಿದಳು. ವರ್ಷಗಟ್ಟಲೆ, ಸಂಜೆ ಸಂಜೆ, ರಟ್ಟು ಕಟ್ಟುವ ಕೆಲಸದ ಬಗ್ಗೆ ಕೇಳುತ್ತಾ ಕೇಳುತ್ತಾ ಹಿಡಿದದ್ದು. ಮೊದಮೊದಲು ಬರೀ ಉಸಿರು. ಆಮೇಲೆ ಒಂದು ಹೂಂ. ಮಂಡಿ ಸವೆದ ಹಾಗೆ ಅಪ್ಪಾ. ಕೊನೆಯ ವರ್ಷಗಳಲ್ಲಿ, ಪ್ರತಿ ಸಲವೂ, ಅಕ್ಕಾ.

ಅಧ್ಯಕ್ಷರು ನಗು ನಿಲ್ಲಿಸಿದರು. “ಒಬ್ಬನೇ ಮನುಷ್ಯ, ಇಷ್ಟು ವರ್ಷ. ಇದು ನಿಮ್ಮ ಬೆನ್ನೆಲುಬು ಕಣಮ್ಮಾ. ಇದಿಲ್ಲದಿದ್ರೆ ಉಳಿದದ್ದೆಲ್ಲ ಬರೀ ಸದ್ದಿನ ರಾಶಿ.”

ರೂಲ್ಸಮ್ಮ ಕನ್ನಡಕದ ಮೇಲಿಂದ ನೋಡಿದರು. “ಇವರಿಗೆಲ್ಲ ಗೊತ್ತಿತ್ತಾ?”

“ಕಥೆ ಹಿಡೀತಿದ್ದೀನಿ ಅಂತ ಗೊತ್ತಿತ್ತು ಮೇಡಂ.”

“ಅದಲ್ಲ. ಏಳೋದನ್ನ ಹಿಡೀತಿದ್ದೀರಿ ಅಂತ?”

ಆಕೆ ನೀರಿನ ಲೋಟ ನೋಡಿದಳು. “ಗೊತ್ತಿರಲಿಲ್ಲ.”

ಷರತ್ತು ಹುಟ್ಟಿದ್ದು ಹೀಗೆ. ತಿಂಗಳೊಳಗೆ ಪ್ರತಿಯೊಬ್ಬರ ಒಪ್ಪಿಗೆ ತರಬೇಕು. ಇದ್ದವರದು ಅವರಿಂದ, ಹೋದವರದು ಮನೆಯವರಿಂದ. ಒಪ್ಪಿಗೆ ಇಲ್ಲದ್ದನ್ನು ಅಳಿಸಬೇಕು. ಅಪ್ಪನ ವಿಷಯಕ್ಕೆ ಆಕೆಯ ಸಹಿ ನಡೆಯುವುದಿಲ್ಲ, ಮನೆಯ ಬೇರೆ ಹಿರಿಯರು ಹಾಕಬೇಕು. “ತಂದುಬಿಡಿ, ಕೊಟ್ಟುಬಿಡ್ತೀವಿ” ಎಂದು ಅಧ್ಯಕ್ಷರು ಬೆನ್ನು ತಟ್ಟುವ ಹಾಗೆ ಹೇಳಿದರು. ಅತ್ತೆ ಮನೆಯಲ್ಲೇ ಇದ್ದಾಳಲ್ಲ, ಅದು ಕೊನೆಗಿರಲಿ ಎಂದುಕೊಂಡು ಆಕೆ ಹೊರಗಿನ ಮನೆಗಳಿಗೆ ಹೊರಟಳು.

ಬಾಗಿಲು ತೆಗೆದವರಿಗೆ ವಿಷಯ ಹೇಳುವುದೇ ದೊಡ್ಡ ಪಾಡು. ಹೊಲಿಗೆಯ ಮುದುಕ ಕೇಳಿ ಕೇಳಿ ನಕ್ಕು, “ಇದಾ ನಾನು? ಕತ್ತೆ ಹಾಗೆ ಇದೆಯಲ್ಲ!” ಎಂದು ಸಹಿ ಹಾಕಿದ. ಗಾರೆ ಕೆಲಸದವನ ಮಗಳು ಬಾಗಿಲಲ್ಲೇ ನಿಲ್ಲಿಸಿದಳು. “ನಮ್ಮಪ್ಪ ನೋವು ತಿಂದು ಕೂಗಿದ್ದನ್ನ ನೀವು ಮಕ್ಕಳಿಗೆ ಪಾಠ ಮಾಡ್ತೀರಾ? ಅಳಿಸಿ. ನನ್ನ ಮುಂದೆ ಅಳಿಸಿ.” ಆಕೆ ಅಲ್ಲೇ ಹೊಸ್ತಿಲಲ್ಲಿ ನಿಂತು ಅಳಿಸಿದಳು. ಇನ್ನೊಂದು ಮನೆಯಲ್ಲಿ ನಾಯಿ ಬಿಟ್ಟರು. ಮತ್ತೊಂದು ಮನೆಗೆ ಬೀಗ. ಅವರು ಎಲ್ಲಿಗೆ ಹೋದರು ಎಂದು ಪಕ್ಕದವರಿಗೂ ಗೊತ್ತಿರಲಿಲ್ಲ.

ಬಸ್ಸು ಓಡಿಸುತ್ತಿದ್ದವನ ಹೆಂಡತಿ ಮಾತ್ರ ಒಂದು ವಿಚಿತ್ರ ಮಾಡಿದಳು. ತೀರಿಹೋದ ಗಂಡನ ‘ಅಮ್ಮಾ’ ಯಂತ್ರದಲ್ಲಿ ಕೇಳಿದ್ದೇ ತಡ, ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತದೆ, “ಗೋಡೆ ಹಿಡ್ಕೊಳ್ಳಿ” ಅಂದಳು. ಅಂದ ಮೇಲೆ ತಾನೇ ಬೆಚ್ಚಿಬಿದ್ದು, ಸೆರಗಿನಲ್ಲಿ ಮುಖ ಒತ್ತಿಕೊಂಡು ಅತ್ತಳು. ಇವಳೂ ಜೊತೆಗೆ ಅತ್ತಳು. ಸಹಿ ಸಿಕ್ಕಿತು. ಅದಕ್ಕಿಂತ ಹೆಚ್ಚೇನೂ ಆಗ ಹೊಳೆಯಲಿಲ್ಲ.

ತಿಂಗಳು ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಅಳಿಸಿಹೋಗಿತ್ತು. ಉಳಿದದ್ದಕ್ಕೆ ಜೀವ ಇದ್ದರೆ ಅಪ್ಪನದ್ದರಿಂದ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕೂತು, ಕಾಗದ ಮುಂದಿಟ್ಟು, “ಅತ್ತೆ, ಇಲ್ಲೊಂದು ಸಹಿ” ಅಂದಳು.

“ಓದದೆ ಹಾಕಲ್ಲ. ನಿಮ್ಮಪ್ಪ ಹಾಗೆ ಹಾಕಿಯೇ ಮೋಸ ಹೋಗಿದ್ದು.” ಅತ್ತೆ ಕಾಗದವನ್ನು ದೂರ ಹಿಡಿದು ಓದಿದಳು. “ಮೊದಲು ಕೇಳಿಸು.”

ಕೇಳಿಸಿದಳು. ಅಕ್ಕಾ. ಮತ್ತೆ, ಅಕ್ಕಾ. ಅತ್ತೆ ಸೌಟು ಕೆಳಗಿಟ್ಟಳು. ಇನ್ನೊಂದು ಅಕ್ಕಾ. ಅತ್ತೆಯ ಮುಖ ಅಳುಮುಖವಾಗಲಿಲ್ಲ, ಗಂಟಿಕ್ಕಿತು.

“ನಂದೆಲ್ಲಿ?”

“ನಿಂದು ಯಾವುದತ್ತೆ?”

“ಅವನು ಅಕ್ಕಾ ಅಂದಾಗೆಲ್ಲ ನಾನು ಬಂದೇ ಅಂತಿದ್ದೆನಲ್ಲ. ಅದೆಲ್ಲಿ?”

ಆಕೆಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. “ಅದು ಬೇಡ ಅಂತ ತೆಗೆದಿದ್ದೀನಿ ಅತ್ತೆ. ನನ್ನ ವಿಷಯ ಅಪ್ಪ ಅಂದದ್ದು ಮಾತ್ರ.”

“ತೆಗೆದೆಯಾ?” ಅತ್ತೆ ಪ್ರಸ್ತಾವದ ಮೇಲಿನ ಹೆಸರನ್ನು ಬೆರಳಿಟ್ಟು ಓದಿದಳು. “ಯಾರನ್ನೂ ಕರೆಯದ ಕರೆ. ಚೆನ್ನಾಗಿದೆ ಪುಟ್ಟೀ. ನನ್ನ ಕತ್ತರಿಸಿ ಹಾಕಿ, ಆಮೇಲೆ ಯಾರೂ ಇರಲಿಲ್ಲ ಅಂತ ಬರೆದಿದ್ದೀಯಾ. ಒಲೆ ಮೇಲೆ ಹಾಲಿಟ್ಟು ಎಷ್ಟು ಸಲ ಓಡಿಬಂದಿದ್ದೀನಿ. ಅಷ್ಟು ಹಾಲು ಉಕ್ಕಿಹೋಗಿದ್ದು ಯಾರಿಗೋಸ್ಕರ?”

ಆಕೆ ಯಂತ್ರ ಆರಿಸಿದಳು. ಅತ್ತೆ ಪೆನ್ನಿಗೆ ಕೈ ಚಾಚಿದಳು. “ಕೊಡು. ನನ್ನ ಮಾತಿಗೇನಂತೆ, ನಿನ್ನ ಕೆಲಸ ನಿಲ್ಲಬಾರದು.” ಕಾಗದದ ತುಂಬ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿ, ಬೆನ್ನು ತಿರುಗಿಸಿ, ಪಾತ್ರೆ ಉಜ್ಜತೊಡಗಿದಳು.

ಮರುದಿನ ಆಕೆ ಕೋಣೆಗೆ ಹೋಗಿ, ಕತ್ತರಿಸುವ ಮುಂಚಿನ ಉದ್ದ ಮುದ್ರಣಗಳನ್ನು ತೆಗೆದಳು. ಒಪ್ಪಿಗೆ ಸಿಕ್ಕವರದು ಮಾತ್ರ. ಅಪ್ಪನದು ಮೊದಲು. ಅಕ್ಕಾ, ಆಮೇಲೆ, ದೂರದಲ್ಲಿ, ಪಾತ್ರೆಯ ಸದ್ದಿನ ಆಚೆ, “ಬಂದೇ.” ಹೊಲಿಗೆಯವನ ಉಸ್ಸಪ್ಪಾ, ಹಿಂದಿನಿಂದ ಯಾರೋ, “ಕೋಲು ತಗೋ.” ಬಸ್ಸಿನವನ ಅಮ್ಮಾ, ಕೂಡಲೇ, “ಗೋಡೆ ಹಿಡ್ಕೊಳ್ಳಿ.” ನಿಧಾನ. ಹುಷಾರು. ಇಲ್ಲೇ ಇದ್ದೀನಿ. ಒಂದು ಮನೆಯಲ್ಲಿ ಬರೀ ಕೆಮ್ಮು, ಆದರೆ ಪ್ರತಿ ಸಲವೂ ಅದೇ ಕೆಮ್ಮು, ಕರೆ ಮುಗಿದ ಮೇಲೆಯೇ. ಅತ್ತೆಯೊಬ್ಬಳನ್ನು ಬಿಟ್ಟರೆ ಉತ್ತರ ಕೊಟ್ಟವರಿಗೂ ತಾವು ಕೊಟ್ಟದ್ದು ಗೊತ್ತಿರಲಿಲ್ಲ, ಕರೆದವರಿಗೆ ಕರೆದದ್ದು ಗೊತ್ತಿಲ್ಲದ ಹಾಗೆಯೇ. ಕಲ್ಲೆಂದು ಆಕೆ ಆರಿಸಿ ಎಸೆದಿದ್ದೆಲ್ಲ ಅಕ್ಕಿಯಾಗಿತ್ತು.

ಆಕೆ ಹೆಡ್‌ಫೋನ್ ಕಿವಿಯಿಂದ ತೆಗೆದು ಗೋಡೆಗೊರಗಿದಳು. ನಾವು ದೇವರನ್ನು ಕರೆಯುವುದೂ ಹೀಗೇ ಇರಬೇಕು. ಕರೆದು, ಅವನು ಬಾಯಿ ತೆರೆಯುವ ಮೊದಲೇ ಎದ್ದು ಹೋಗಿ, ಯಾರೂ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ಬರುತ್ತೇವೆ.

ಆದರೆ ಸಮಾಧಾನದ ಹೊತ್ತಲ್ಲ ಅದು. ಚೀಲದಲ್ಲಿ ಅತ್ತೆಯ ಸಹಿ ಇತ್ತು. ಸಮಿತಿಯವರು ಕೇಳಿದ್ದೆಲ್ಲ ಇತ್ತು. ಕೊಟ್ಟುಬಿಟ್ಟರೆ ಅನುದಾನ, ಕೋಣೆ, ಕೆಲಸ. ಸುಳ್ಳೆಂದು ಗೊತ್ತಿರುವುದನ್ನು ವರ್ಷಗಟ್ಟಲೆ ನಿಜವೆಂದು ಬರೆಯುತ್ತಾ ಕೂರಬೇಕು, ಅಷ್ಟೇ. ಎಷ್ಟು ಜನ ಹಾಗೆ ಬರೆದು ಸುಖವಾಗಿ ನಿವೃತ್ತರಾಗಿಲ್ಲ! ದಾರಿಯುದ್ದಕ್ಕೂ ಆಕೆ ತನ್ನನ್ನೇ ಬೇಡಿಕೊಂಡಳು: ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರು.

ಅದೇ ಉದ್ದ ಮೇಜು. “ಎಲ್ಲ ಬಂತಾ?” ಅಧ್ಯಕ್ಷರು ಕೇಳಿದರು.

“ಅಳಿಸದೆ ಉಳಿದವರದ್ದೆಲ್ಲ ಬಂದಿದೆ ಸರ್.”

“ತಂದೆಯವರದು?”

“ಬಂದಿದೆ.”

“ಹಾಗಾದ್ರೆ ಮುಗೀತಲ್ಲ!” ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ರೂಲ್ಸಮ್ಮ ಕಾಗದಗಳನ್ನು ತಿರುವಿ, ಸರಿಯಿದೆ ಎಂಬಂತೆ ತಲೆಯಾಡಿಸಿದರು. ಪೆನ್ನು ಕಾಗದದ ಮೇಲೆ ಇಳಿಯುತ್ತಿತ್ತು. ಆಕೆ ಎರಡು ಉಸಿರು ತಡೆದುಕೊಂಡಿದ್ದರೆ ಸಾಕಿತ್ತು.

“ಸರ್, ನಾನು ಬರೆದಿರೋದು ತಪ್ಪು.”

ಪೆನ್ನು ನಿಂತಿತು. ಆಕೆ ಯಂತ್ರ ಹಚ್ಚಿ, ಕತ್ತರಿಸದ ಮುದ್ರಣ ಕೇಳಿಸಿದಳು. ಅಕ್ಕಾ. ಬಂದೇ. ಅಮ್ಮಾ. ಗೋಡೆ ಹಿಡ್ಕೊಳ್ಳಿ. “ಇದು ಯಾರನ್ನೂ ಕರೆಯದ ಕರೆ ಅಲ್ಲ ಸರ್. ಪಕ್ಕದ ಕೋಣೇಲಿ ಉತ್ತರ ಇದೆ. ನಾನೇ ಕತ್ತರಿಸಿ ಹಾಕಿದ್ದೆ. ಇದನ್ನ ಹಿಡ್ಕೊಂಡು ಮೊದಲಿಂದ ಮಾಡಬೇಕು. ಇದು ಅದಕ್ಕಿಂತ ದೊಡ್ಡದು.”

ಅಧ್ಯಕ್ಷರು ಬಹಳ ಹೊತ್ತು ಮೇಜಿನ ಮೇಲೆ ಬೆರಳಾಡಿಸಿದರು. ಅವರಿಗೂ ಬೇಜಾರಾಗಿತ್ತು. “ಅಮ್ಮಾ, ನೀವು ಹಸು ಅಂತ ಬರೆದು ದುಡ್ಡು ಕೇಳಿದ್ರಿ. ಈಗ ಎಮ್ಮೆ ಹಿಡ್ಕೊಂಡು ಬಂದಿದ್ದೀರಿ. ಎಮ್ಮೆ ಚೆನ್ನಾಗೇ ಇದೆ. ಆದ್ರೆ ನನ್ನ ಕಾಗದದಲ್ಲಿ ಹಸು ಅಂತಿದೆ, ನಾನೇನ್ ಮಾಡ್ಲಿ?”

“ಹೆಸರು ಬದಲಾಯಿಸಿ ಕೊಡ್ತೀನಿ ಸರ್. ಇವತ್ತೇ ಬರೆದು ಕೊಡ್ತೀನಿ, ಇಲ್ಲೇ ಕೂತು.”

“ಅಷ್ಟೇ ಅಲ್ಲ,” ರೂಲ್ಸಮ್ಮ ಹೇಳಿದರು. “ಉತ್ತರ ಕೊಟ್ಟವರ ಒಪ್ಪಿಗೆ ಎಲ್ಲಿದೆ?”

ಆಕೆ ಚೀಲಕ್ಕೆ ಕೈ ಹಾಕಿ, ಬರಿಗೈ ಹೊರತೆಗೆದಳು.

“ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಿ. ನಾನೇ ಓದ್ತೀನಿ” ಎಂದರು ಅಧ್ಯಕ್ಷರು.

“ಮುಂದಿನ ವರ್ಷ ಕೋಣೆ ಇರಲ್ಲ ಸರ್. ಯಂತ್ರ ವಿಭಾಗದ್ದು. ನಾನೂ ಅಲ್ಲಿ ಇರಲ್ಲ.” ಆಕೆ ಮೇಜಿನ ಅಂಚನ್ನು ಹಿಡಿದುಕೊಂಡಳು. “ಇವರೆಲ್ಲ ಮುದುಕರು ಸರ್. ಮುಂದಿನ ವರ್ಷಕ್ಕೆ ಏಳೋರು ಎಷ್ಟು ಜನ ಇರ್ತಾರೆ? ದಯವಿಟ್ಟು.”

ಅಧ್ಯಕ್ಷರು ಪೆನ್ನಿಗೆ ಮುಚ್ಚಳ ಹಾಕಿದರು. ಮಾತು ಮುಗಿದಿತ್ತು. ಅವರು ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು, ಭಾರದ ದೇಹವನ್ನು ಮುಂದಕ್ಕೆ ಬಾಗಿಸಿದರು. “ಅಮ್ಮಾ...”

“ನಿಧಾನ ಸರ್” ಎಂದರು ರೂಲ್ಸಮ್ಮ, ಕಾಗದದಿಂದ ಕಣ್ಣೆತ್ತದೆ, ಎಡಗೈಯಿಂದ ನೀರಿನ ಲೋಟವನ್ನು ಅವರ ದಾರಿಯಿಂದ ಸರಿಸುತ್ತಾ.

ಬಾಗಿಲಿಗೆ ಹೊರಟಿದ್ದ ಆಕೆ ಗಕ್ಕನೆ ನಿಂತಳು. “ಮೇಡಂ, ಈಗ ನೀವಂದದ್ದನ್ನ ಬರ್ಕೊಳ್ಳಬಹುದಾ?”

“ನಾನೇನಂದೆ?”

“ನಿಧಾನ ಅಂದ್ರಿ. ಸಾಹೇಬ್ರು ಅಮ್ಮಾ ಅಂದಾಗ.”

“ನಾನೆಲ್ಲಿ ಅಂದೆ?” ಅಧ್ಯಕ್ಷರು ನಿಂತಲ್ಲೇ ಗದರಿದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆಕೆಯನ್ನು, ಜ್ವರ ಬಂದವರನ್ನು ನೋಡುವ ಹಾಗೆ ನೋಡಿದರು. “ಒಪ್ಪಿಗೆ ಇಲ್ಲ” ಎಂದರು ರೂಲ್ಸಮ್ಮ. ದನಿಯಲ್ಲಿ ಕೋಪವಿರಲಿಲ್ಲ, ಏನೋ ಗಲಿಬಿಲಿ ಇತ್ತು.

ಕೋಣೆ ಖಾಲಿ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಂತ್ರ ಬಿಟ್ಟು ಬರಬೇಕಾಯಿತು. ಅದರೊಳಗಿದ್ದುದನ್ನು ವಿಭಾಗದವರು ಯಾವಾಗ ಬೇಕಾದರೂ ಅಳಿಸಬಹುದಿತ್ತು. ಆಕೆ ಹೊರಗೆ ಬರುವಾಗಲೇ ಉತ್ತರಪತ್ರಿಕೆಗಳ ಕಟ್ಟುಗಳು ಒಳಗೆ ಹೋಗುತ್ತಿದ್ದವು. ಚರಿತ್ರೆಯ ಮೇಷ್ಟ್ರು ಎದುರಾದವರು ಏನೋ ತಮಾಷೆಗೆ ಬಾಯಿ ತೆರೆದು, ಮುಖ ನೋಡಿ, ಸುಮ್ಮನೆ ದಾರಿ ಬಿಟ್ಟರು.

ಮನೆಗೆ ಬಂದು ಹೊರಗಿನ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಒಳಗೆ ಹೋಗಬೇಕೆನ್ನಿಸಲಿಲ್ಲ. ಬೀದಿದೀಪ ಹತ್ತಿಕೊಂಡಿತು. ಅತ್ತೆ ಬಾಗಿಲಿಗೆ ಬಂದು ನೋಡಿದಳು.

“ಕೊಟ್ರಾ?”

“ಇಲ್ಲ.”

“ನನ್ನ ಸಹಿ ಸರಿ ಇರಲಿಲ್ವಾ?”

“ಸರಿ ಇತ್ತು ಅತ್ತೆ. ನಿನ್ನ ‘ಬಂದೇ’ನೂ ಕೇಳಿಸಿಬಿಟ್ಟೆ. ಅದಕ್ಕೆ ಕೊಡಲಿಲ್ಲ.”

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. ಒಳಗೆ ಹೋದಳು. ಒಲೆ ಹತ್ತಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೂಗಿದಳು. “ಎದ್ದು ಬಾ ಒಳಗೆ.”

“ಏಳೋಕೆ ಆಗ್ತಿಲ್ಲ ಅತ್ತೆ.”

“ಆಗದಿದ್ರೆ ಕರಿ.”

“ಯಾರನ್ನ ಕರೀಲಿ?”

“ಯಾರನ್ನಾದ್ರೂ ಕರಿ. ಅಮ್ಮಾ ಅನ್ನು, ಅಪ್ಪಾ ಅನ್ನು, ದೇವರೇ ಅನ್ನು. ಬರೋಳು ಹೇಗೂ ನಾನೊಬ್ಬಳೇ.”